ಕೊಲ್ಲುವುದೋ, ಲಸಿಕೆ ಹಾಕುವುದೋ?

(ಪ್ರಾಥಮಿಕ ಸಂಘಗಳ ಕಾರ್ಯದರ್ಶಿಗಳು ಮತ್ತು ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆ ಮಾತನಾಡಬೇಕೆಂದು ನನಗೆ ಸೂಚನೆ ಬಂದಿದೆ. ಈ ವಿಷಯದ ಮೇಲೆ ನೀವು ಹತ್ತಾರು ಭಾಷಣ ಕೇಳಿದ್ದೀರಿ. ಇನ್ನೊಂದನ್ನು ಕೇಳುವ ತಾಳ್ಮೆ ನಿಮಗಿರಲಾರದು ಎಂದು ನನಗೂ ಗೊತ್ತು. ಆದ್ದರಿಂದ ನಾನು ಲಸಿಕೆಯಿಂದ ಆರಂಭಿಸುವುದಿಲ್ಲ. ಒಬ್ಬ ಹಿರಿಯ ಸದಸ್ಯರು ನನಗೆ ಕೇಳಿದ ಪ್ರಶ್ನೆಯಿಂದ ಆರಂಭಿಸುತ್ತೇನೆ.

ಒಂದು ಲಸಿಕೆ ಸುತ್ತಿನಲ್ಲಿ ಊರಿನ ಡೇರಿ ಮುಂದೆ ನಿಂತಿದ್ದೆವು. ಅವರು ಬಂದು, "ಡಾಕ್ಟ್ರೇ, ಇಂಗ್ಲೆಂಡು ಅಮೆರಿಕದೋರು ಅವರ ಹಸುಗಳಿಗೆ ಈ ಲಸಿಕೆ ಹಾಕ್ಸೋದೇ ಇಲ್ವಂತೆ. ಮೂವತ್ತು ಲೀಟರ್ ಕರೆಯೋ ಹಸುಗೆ ಅವರೇ ಹಾಕ್ಸಲ್ಲ ಅಂದ್ಮೇಲೆ, ಎಂಟು ಲೀಟರ್ ಕರೆಯೋ ನನ್ನ ಹಸುಗೆ ಆರು ತಿಂಗಳಿಗೊಂದ್ಸಲ ಯಾಕೆ ಚುಚ್ತೀರಿ?" ಎಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕು, ಏನೋ ಒಂದು ಹಾರಿಕೆಯ ಉತ್ತರ ಕೊಟ್ಟು ಮುಂದಿನ ಮನೆಗೆ ಹೋದೆ. ಅವರು ಆ ದಿನ ತಮ್ಮ ಹಸುವನ್ನು ಕಟ್ಟಿನಿಂದ ಬಿಚ್ಚಲೇ ಇಲ್ಲ.

ಆಮೇಲೆ ಯೋಚಿಸಿದಾಗ ನನಗೇ ನಾಚಿಕೆಯಾಯಿತು. ಅವರು ಹೇಳಿದ್ದು ನಿಜ. ಅಲ್ಲಿಯವರು ಹಾಕುವುದಿಲ್ಲ. ಹಾಗಾದರೆ ರೋಗ ಬಂದರೆ ಏನು ಮಾಡುತ್ತಾರೆ? ಈ ಅರ್ಧ ಪ್ರಶ್ನೆಯನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅದು 2001ರಲ್ಲಿ ಬ್ರಿಟನ್ ದೇಶದಲ್ಲಿ ನಡೆದ ಕಥೆ. ಆ ದೇಶವೇ ಎರಡು ಪಾಲಾಗಿ ತಿಂಗಳುಗಟ್ಟಲೆ ವಾದ ಮಾಡಿದ ಕಥೆ.

ಮೊದಲು ರೋಗಾಣುವಿನ ವಿಷಯ. ಕಾಲುಬಾಯಿ ಜ್ವರಕ್ಕೆ ಒಂದೇ ವೈರಸ್ ಇಲ್ಲ. ಅದರಲ್ಲಿ 7 ಬಗೆಗಳಿವೆ. ನಮ್ಮ ದೇಶದಲ್ಲಿ ಈಗ ಕಾಡುವವು ಓ, ಎ ಮತ್ತು ಏಷ್ಯಾ-1 ಎಂಬ ಮೂರು. ಓ ಬಗೆಯಲ್ಲೇ ಒಂದು ಹೊಸ ತಳಿ 1990ರಲ್ಲಿ ಉತ್ತರ ಭಾರತದಲ್ಲಿ ಪತ್ತೆಯಾಯಿತು. ಮುಂದೆ ವಿಜ್ಞಾನಿಗಳು ಅದಕ್ಕೆ 'ಪ್ಯಾನ್ ಏಷ್ಯಾ' ಎಂದು ಹೆಸರಿಟ್ಟರು. ಹತ್ತು ವರ್ಷಗಳಲ್ಲಿ ಅದು ಪಶ್ಚಿಮಕ್ಕೆ ಅರಬ್ ದೇಶಗಳವರೆಗೆ, ಪೂರ್ವಕ್ಕೆ ಚೀನಾದವರೆಗೆ ಹರಡಿತು. 2000ದಲ್ಲಿ, ಹಲವು ದಶಕಗಳಿಂದ ಈ ರೋಗವನ್ನೇ ಕಾಣದಿದ್ದ ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಕಾಣಿಸಿತು. ಅದೇ ವರ್ಷ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಅಲ್ಲಿ ಹಡಗಿನ ಅಡುಗೆಮನೆಯ ಮುಸುರೆಯನ್ನು ಹಂದಿಗಳಿಗೆ ಹಾಕಿದ್ದೇ ಕಾರಣವೆಂದು ಹೇಳುತ್ತಾರೆ. ಮನುಷ್ಯರಲ್ಲಿ ದೇಶದಿಂದ ದೇಶಕ್ಕೆ ಹಬ್ಬುವ ರೋಗವನ್ನು ನಾವು ಮಹಾಮಾರಿ ಎನ್ನುತ್ತೇವಲ್ಲ, ದನಗಳ ಮಟ್ಟಿಗೆ ಇದು ಅಂಥದೇ ಮಹಾಮಾರಿ. ನಮ್ಮ ಮಣ್ಣಿನಲ್ಲಿ ಮೊದಲು ಗುರುತಿಸಿದ ತಳಿ ಎಂಬುದನ್ನು ತಾವು ಗಮನಿಸಬೇಕು.

2001ರ ಫೆಬ್ರವರಿ 19ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಕಸಾಯಿಖಾನೆಯೊಂದರಲ್ಲಿ ಪಶುವೈದ್ಯರಿಗೆ ಹಂದಿಗಳ ಕಾಲಿನಲ್ಲಿ ಗುಳ್ಳೆಗಳು ಕಂಡವು. ಮಾರನೆಯ ದಿನ ರೋಗ ಖಚಿತವಾಯಿತು. ಹಿಂದಕ್ಕೆ ಜಾಡು ಹಿಡಿದು ಹೋದಾಗ ಉತ್ತರದ ನಾರ್ಥಂಬರ್‌ಲ್ಯಾಂಡಿನ ಒಂದು ಹಂದಿ ಸಾಕಣೆ ಕೇಂದ್ರ ಸಿಕ್ಕಿತು. ಅಲ್ಲೂ ಹೋಟೆಲ್ ಮುಸುರೆಯೇ ಆಹಾರ. ಹಂದಿಗಳಿಂದ ಪಕ್ಕದ ಕುರಿಗಳಿಗೆ, ಕುರಿಗಳಿಂದ ಹೆಕ್ಸಮ್ ಮತ್ತು ಲಾಂಗ್‌ಟೌನ್ ಎಂಬ ಊರುಗಳ ಸಂತೆಗೆ, ಸಂತೆಯಿಂದ ದೇಶದ ಮೂಲೆಮೂಲೆಗೆ ರೋಗ ಹರಡಿತ್ತು. ಮೊದಲ ಪ್ರಕರಣ ಖಚಿತವಾಗುವ ಹೊತ್ತಿಗೆ ಕನಿಷ್ಠ 57 ಫಾರಂಗಳಲ್ಲಿ ಸೋಂಕು ಸೇರಿಕೊಂಡಿತ್ತೆಂದು ಆಮೇಲೆ ಲೆಕ್ಕ ಸಿಕ್ಕಿತು. ಕುರಿಗಳಲ್ಲಿ ಈ ರೋಗದ ಲಕ್ಷಣ ಎದ್ದು ಕಾಣುವುದಿಲ್ಲ. ಒಂದೆರಡು ದಿನ ಕುಂಟಿದರೆ ಯಾರು ಗಮನಿಸುತ್ತಾರೆ? ದೇಶದಾದ್ಯಂತ ರಾಸುಗಳ ಸಾಗಾಟವನ್ನು ನಿಲ್ಲಿಸಿದ್ದು ಫೆಬ್ರವರಿ 23ಕ್ಕೆ. ಆ ಮೂರು ದಿನ ಮುಂಚೆಯೇ ನಿಲ್ಲಿಸಿದ್ದರೆ ರೋಗ ಎಷ್ಟೋ ಕಡಿಮೆಯಾಗುತ್ತಿತ್ತು ಎಂಬ ಮಾತನ್ನು ಮುಂದೆ ತನಿಖೆಯಲ್ಲಿ ಬಹಳ ಚರ್ಚಿಸಿದರು. ನಮ್ಮ ಕಡೆ ರೋಗದ ಸುದ್ದಿ ಕೇಳಿದ ಕೂಡಲೇ "ಇವತ್ತಿನ ಸಂತೆಗೇ ಹೊಡೆದುಬಿಡೋಣ" ಎಂದು ರಾಸನ್ನು ಹಿಡಿದು ಹೊರಡುವವರಿದ್ದಾರೆ. ಹೆಸರು ಹೇಳುವುದು ಬೇಡ. ನಿಮಗೆ ಗೊತ್ತು.

ಬ್ರಿಟನ್ನಿನ ಕಾನೂನು ಸರಳ. ರೋಗ ಬಂದ ಫಾರಂನಲ್ಲಿ ಗೊರಸು ಸೀಳಿದ ಎಲ್ಲ ಪ್ರಾಣಿಗಳನ್ನೂ ಕೊಲ್ಲಬೇಕು. ಹಸು, ಕುರಿ, ಮೇಕೆ, ಹಂದಿ ಎಲ್ಲವನ್ನೂ. ಮಾಲೀಕನಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಬಹಳ ಕಾಲದಿಂದ ಇದೇ ಪದ್ಧತಿ. 1967-68ರಲ್ಲೂ ದೊಡ್ಡದಾಗಿ ರೋಗ ಬಂದು 4 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದಿದ್ದರು. ಆದರೆ 2001ರ ಮಾರ್ಚಿಯಲ್ಲಿ ದಿನಕ್ಕೆ 40ಕ್ಕೂ ಹೆಚ್ಚು ಹೊಸ ಫಾರಂಗಳಲ್ಲಿ ರೋಗ ಕಾಣಿಸತೊಡಗಿದಾಗ ಹಳೆಯ ಪದ್ಧತಿ ಸಾಲದಾಯಿತು. ಕೊಲ್ಲಲು ಜನ ಸಾಲದು, ಕೊಂದದ್ದನ್ನು ಹೂಳಲು ಜಾಗ ಸಾಲದು. ಸತ್ತ ಹಸುಗಳು ದಿನಗಟ್ಟಲೆ ಅಂಗಳದಲ್ಲೇ ಬಿದ್ದಿದ್ದವು. ರೈಲು ಹಳಿಯ ಹಳೆಯ ದಿಮ್ಮಿ, ಕಲ್ಲಿದ್ದಲು ಒಟ್ಟಿ ಬಯಲಿನಲ್ಲಿ ಚಿತೆ ಹಚ್ಚಿದರು. ಸೈನ್ಯವನ್ನು ಕರೆಸಿದರು. ಕಂಬ್ರಿಯಾ ಎಂಬ ಪ್ರಾಂತ್ಯದಲ್ಲಿ ಗ್ರೇಟ್ ಆರ್ಟನ್ ಎಂಬ ಹಳೆಯ ವಿಮಾನ ನಿಲ್ದಾಣವೊಂದನ್ನು ಅಗೆದು 4 ಲಕ್ಷಕ್ಕೂ ಹೆಚ್ಚು ಕುರಿಗಳನ್ನು ಹೂತರು. ಮೇ 3ಕ್ಕೆ ನಡೆಯಬೇಕೆಂದಿದ್ದ ಚುನಾವಣೆಯನ್ನೇ ಜೂನ್ 7ಕ್ಕೆ ಮುಂದೂಡಿದರು.

ಆಗ ಎದ್ದದ್ದು ಆ ವಾದ.

ಒಂದು ಕಡೆ ಲೆಕ್ಕದ ಪಂಡಿತರು. ಲಂಡನ್ನಿನ ಇಂಪೀರಿಯಲ್ ಕಾಲೇಜು ಮೊದಲಾದ ಕಡೆಯ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ರೋಗ ಬಂದ ಫಾರಂ ಅಷ್ಟೇ ಅಲ್ಲ, ಅದರ ಬೇಲಿಗೆ ಹೊಂದಿದ ಫಾರಂಗಳಲ್ಲೂ ಕೊಲ್ಲದಿದ್ದರೆ ರೋಗ ಕೈಮೀರುತ್ತದೆ ಎಂದರು. ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರ ಡೇವಿಡ್ ಕಿಂಗ್ ಅದನ್ನು ಒಪ್ಪಿದರು. ರೋಗದ ಫಾರಂ 24 ಗಂಟೆಯೊಳಗೆ, ಪಕ್ಕದ ಫಾರಂ 48 ಗಂಟೆಯೊಳಗೆ ಖಾಲಿಯಾಗಬೇಕು ಎಂಬ ನಿಯಮ ಬಂತು. ಇನ್ನೊಂದು ಕಡೆ, ಪಿರ್‌ಬ್ರೈಟ್ ಎಂಬಲ್ಲಿರುವ ಪ್ರಯೋಗಾಲಯದಲ್ಲಿ ಈ ರೋಗದ ವಿಭಾಗದ ಮುಖ್ಯಸ್ಥರಾಗಿದ್ದ ಪಾಲ್ ಕಿಚಿಂಗ್ ಅವರಂಥವರು. ಹಂದಿ ಉಸಿರಿನಲ್ಲಿ ಹೊರಬಿಡುವ ವೈರಸ್ಸೇ ಬೇರೆ, ಕುರಿ ಬಿಡುವುದೇ ಬೇರೆ. ಇಬ್ಬರ ಹೊಲದ ನಡುವೆ ಗುಡ್ಡವಿದೆಯೋ ಹೊಳೆಯಿದೆಯೋ ಎಂಬುದನ್ನೆಲ್ಲ ಬಿಟ್ಟು ಬರೀ ನಕ್ಷೆಯ ಮೇಲಿನ ದೂರ ನೋಡಿ ಕೊಲ್ಲುವ ತೀರ್ಮಾನ ಮಾಡಬಾರದು ಎಂಬುದು ಅವರ ನಿಲುವು. ಫ್ರೆಡ್ ಬ್ರೌನ್ ಎಂಬ ಹಿರಿಯ ವೈರಸ್ ತಜ್ಞರು, ಹೊಲದಲ್ಲೇ ರೋಗ ಪತ್ತೆ ಮಾಡುವ ಯಂತ್ರ ಬಂದಿದೆ, ಪರೀಕ್ಷೆ ಮಾಡಿ, ಸುತ್ತಲೂ ಲಸಿಕೆಯ ಬೇಲಿ ಹಾಕಿ ಎಂದು ಒತ್ತಾಯಿಸಿದರು. ಯಂತ್ರ ಇನ್ನೂ ಸಾಬೀತಾಗಿಲ್ಲವೆಂದು ಸರ್ಕಾರ ಒಪ್ಪಲಿಲ್ಲ.

(ಲೆಕ್ಕ ಹಾಕಿದವರಲ್ಲಿ ನೀಲ್ ಫರ್ಗುಸನ್ ಎಂಬವರೂ ಇದ್ದರು. 2020ರಲ್ಲಿ ಕೋವಿಡ್ ಬಂದಾಗ ಬ್ರಿಟನ್ನಿನಲ್ಲಿ ಬಾಗಿಲು ಹಾಕಬೇಕೋ ಬೇಡವೋ ಎಂಬ ವಾದದಲ್ಲಿ ಮತ್ತೆ ಅವರದೇ ಲೆಕ್ಕ, ಮತ್ತೆ ಅದೇ ಜಗಳ. ನಮ್ಮಲ್ಲಿ ಆ ಏಪ್ರಿಲ್‌ನಲ್ಲಿ ಹೋಟೆಲುಗಳೆಲ್ಲ ಮುಚ್ಚಿ ಹಾಲು ಉಳಿದು, ಸರ್ಕಾರ ಅದನ್ನು ಕೊಂಡು ಬಡವರಿಗೆ ಹಂಚಿದ್ದು ನಿಮಗೆ ನೆನಪಿರಬಹುದು.)

ಈಗ ನಿಮ್ಮಲ್ಲಿ ಒಬ್ಬರು ಕೇಳಬಹುದು: ಕಾಲುಬಾಯಿ ಜ್ವರದಿಂದ ಬೆಳೆದ ಹಸು ಸಾಮಾನ್ಯವಾಗಿ ಸಾಯುವುದಿಲ್ಲವಲ್ಲ, ಕೊಲ್ಲುವುದೇಕೆ? ಮನುಷ್ಯರಿಗಂತೂ ಅಪಾಯವಿಲ್ಲ. ಕರುಗಳು ಸಾಯುತ್ತವೆ, ಹಾಲು ಇಳಿಯುತ್ತದೆ, ಕೆಲವು ಹಸುಗಳು ಆಮೇಲೆ ಬಿಸಿಲು ತಡೆಯದೆ ತೇಕುತ್ತವೆ, ಬೆದೆಗೆ ಬರುವುದಿಲ್ಲ, ಹಿಂದಿನ ಹಾಲಿಗೆ ಮರಳುವುದಿಲ್ಲ. ಇದೆಲ್ಲ ನಿಜ. ಆದರೂ ಲಕ್ಷಗಟ್ಟಲೆ ಕೊಲ್ಲುವಷ್ಟು?

ಇಲ್ಲಿದೆ ನೋಡಿ ಇಡೀ ವಾದದ ಬೇರು. ಅದು ರೋಗದಲ್ಲಿಲ್ಲ, ವ್ಯಾಪಾರದಲ್ಲಿದೆ. ಅಂತಾರಾಷ್ಟ್ರೀಯ ವ್ಯಾಪಾರದ ನಿಯಮದಲ್ಲಿ 'ಲಸಿಕೆ ಇಲ್ಲದೆಯೇ ರೋಗಮುಕ್ತ' ಎಂಬ ದರ್ಜೆ ಎಲ್ಲಕ್ಕಿಂತ ಮೇಲು. ಆ ದರ್ಜೆಯ ದೇಶದ ಮಾಂಸವನ್ನು ಎಲ್ಲರೂ ಕೊಳ್ಳುತ್ತಾರೆ. ರೋಗ ಬಂದು ಆ ದರ್ಜೆ ಹೋದರೆ, ಕೊಂದು ಮುಗಿಸಿದ 3 ತಿಂಗಳಿಗೆ ವಾಪಸು ಸಿಗುತ್ತಿತ್ತು. ಲಸಿಕೆ ಹಾಕಿ ರಾಸುಗಳನ್ನು ಬದುಕಿಸಿದರೆ 12 ತಿಂಗಳು ಕಾಯಬೇಕಿತ್ತು. ಏಕೆಂದರೆ ಲಸಿಕೆಯಿಂದ ಬಂದ ರೋಗನಿರೋಧಕ ಅಂಶ ಯಾವುದು, ರೋಗದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವ ರಕ್ತಪರೀಕ್ಷೆಗೆ ಆಗ ನಿಯಮದಲ್ಲಿ ಮಾನ್ಯತೆ ಇರಲಿಲ್ಲ. ಲಸಿಕೆ ಹಾಕಿದ ಹಸುವಿಗೂ ಸೋಂಕು ತಗಲಿದರೆ ಅದರ ಗಂಟಲಿನಲ್ಲಿ ವೈರಸ್ ತಿಂಗಳುಗಟ್ಟಲೆ ಅಡಗಿರಬಹುದು ಎಂಬ ಭಯವೂ ಇತ್ತು. ಇಷ್ಟಕ್ಕೂ ಯುರೋಪಿನ ಹಲವು ದೇಶಗಳು 1990ರ ದಶಕದ ಆರಂಭದವರೆಗೆ ಪ್ರತಿವರ್ಷ ಲಸಿಕೆ ಹಾಕುತ್ತಲೇ ಇದ್ದವು. ವ್ಯಾಪಾರ ಒಂದಾಗಬೇಕೆಂದು ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ನಮ್ಮ ಹಿರಿಯ ಸದಸ್ಯರು ಕೇಳಿದ್ದ ಪ್ರಶ್ನೆಗೆ ಮೊದಲರ್ಧ ಉತ್ತರ ಇದು.

ರೈತರೇ ಒಂದಾಗಿರಲಿಲ್ಲ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಲಿಯ ದೊಡ್ಡ ರೈತ ಸಂಘಟನೆ ಲಸಿಕೆಯನ್ನು ವಿರೋಧಿಸಿತು. ರಫ್ತು ಹೋಗುತ್ತದೆ, ಲಸಿಕೆ ಹಾಕಿದ ಹಸುವಿನ ಹಾಲು ಮಾಂಸವನ್ನು ಅಂಗಡಿಯವರು ಬೇರೆ ಇಟ್ಟು ಕಡಿಮೆ ಬೆಲೆ ಕೊಡುತ್ತಾರೆ ಎಂಬುದು ಅವರ ಆತಂಕ. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾಲಿನ ದರ ಒಂದು ರೂಪಾಯಿ ಇಳಿದರೆ ನಮ್ಮ ಸಂಘಗಳಲ್ಲಿ ಏನಾಗುತ್ತದೆಂದು ನನಗೆ ಗೊತ್ತಿದೆ. ಆದರೆ ಗುಡ್ಡದ ಕುರಿಗಾಹಿಗಳ ಮಾತು ಬೇರೆ. ಅವರ ಕುರಿಗಳು ಬೇಲಿಯಿಲ್ಲದ ಬೆಟ್ಟದಲ್ಲಿ ತಾಯಿಯಿಂದ ಮರಿಗೆ ಕಲಿತು, ತಮ್ಮ ಎಲ್ಲೆ ತಾವೇ ಅರಿತು ಮೇಯುವಂಥವು. ಹಣ ಕೊಟ್ಟು ಬೇರೆ ಕುರಿ ತಂದು ಬಿಟ್ಟರೆ ಅವು ದಿಕ್ಕುಪಾಲಾಗುತ್ತವೆ. ಅಂಥ ಹಿಂಡಿಗೆ ಯಾವ ಪರಿಹಾರ? ಸೋಂಕೇ ಇಲ್ಲದ ತಮ್ಮ ಹಸುಗಳನ್ನು ಕೊಲ್ಲಲು ಬಿಡುವುದಿಲ್ಲವೆಂದು ಗೇಟಿಗೆ ಬೀಗ ಹಾಕಿ ಕುಳಿತವರೂ ಇದ್ದರು, ನ್ಯಾಯಾಲಯಕ್ಕೆ ಹೋದವರೂ ಇದ್ದರು. ರಫ್ತಿನ ಹಣ ಯಾರಿಗೆ ಬರುತ್ತಿತ್ತೋ ಅವರ ಮಾತು ಸಭೆಯಲ್ಲಿ ಕೇಳಿಸಿತು. ಹತ್ತು ಹಸು ಇಟ್ಟುಕೊಂಡವನ ಮಾತು ಗೇಟಿನಲ್ಲೇ ಉಳಿಯಿತು.

ಏಪ್ರಿಲ್ ಕೊನೆಗೆ ಒಂದು ಗಳಿಗೆ ಬಂತು. ಚಳಿಗಾಲಕ್ಕೆ ಕೊಟ್ಟಿಗೆಯಲ್ಲಿದ್ದ ಕಂಬ್ರಿಯಾದ ಹಸುಗಳನ್ನು ಹುಲ್ಲುಗಾವಲಿಗೆ ಬಿಡುವ ಮುಂಚೆ ಲಸಿಕೆ ಹಾಕಲು ಸರ್ಕಾರ ಸಿದ್ಧವಾಯಿತು. ಆದರೆ ರೈತರ ಬೆಂಬಲ ಬೇಕೆಂದಿತು. ಬೆಂಬಲ ಬರಲಿಲ್ಲ. ಲಸಿಕೆ ಫ್ರಿಜ್ಜಿನಲ್ಲೇ ಉಳಿಯಿತು. ಹೊಸ ಪ್ರಕರಣಗಳು ಆ ಹೊತ್ತಿಗೆ ಇಳಿಯತೊಡಗಿದ್ದವು. ಪಕ್ಕದ ಫಾರಂಗಳನ್ನು ಕೊಂದದ್ದರಿಂದಲೇ ಇಳಿಯಿತೆಂದು ಒಬ್ಬರು, ಅದಕ್ಕೆ ಮುಂಚೆಯೇ ಇಳಿಯಲು ಶುರುವಾಗಿತ್ತೆಂದು ಇನ್ನೊಬ್ಬರು. ಆ ಜಗಳ ಪಂಡಿತರ ನಡುವೆ ಇನ್ನೂ ಮುಗಿದಿಲ್ಲ.

ಅದೇ ವಾರಗಳಲ್ಲಿ ಡೆವನ್ ಎಂಬ ಪ್ರಾಂತ್ಯದಲ್ಲಿ ಕೊಂದು ಹಾಕಿದ್ದ ಹಿಂಡಿನ ನಡುವೆ, ಸತ್ತ ತಾಯಿಯ ಪಕ್ಕದಲ್ಲಿ, ಐದು ದಿನಗಳ ಮೇಲೆ ಒಂದು ಬಿಳಿಯ ಕರು ಜೀವಂತವಾಗಿ ಸಿಕ್ಕಿತು. ಅದಕ್ಕೆ ಫೀನಿಕ್ಸ್ ಎಂದು ಹೆಸರಿಟ್ಟರು. ಅಧಿಕಾರಿಗಳು ಅದನ್ನೂ ಕೊಲ್ಲಬೇಕೆಂದರು. ಪತ್ರಿಕೆ, ಟಿ.ವಿ.ಗಳಲ್ಲಿ ಅದರ ಚಿತ್ರ ಬಂದು ಜನ ಎದ್ದುನಿಂತರು. ಸರ್ಕಾರ ನಿಯಮ ಸಡಿಲಿಸಿತು, ಕರು ಉಳಿಯಿತು. ಲಕ್ಷಗಟ್ಟಲೆ ರಾಸುಗಳ ಲೆಕ್ಕ ಅಲುಗಿಸದ ಮನಸ್ಸನ್ನು ಒಂದು ಕರುವಿನ ಮುಖ ಅಲುಗಿಸಿತು. ಇದನ್ನು ಒಳ್ಳೆಯದೆನ್ನಬೇಕೋ ಕೆಟ್ಟದ್ದೆನ್ನಬೇಕೋ ನನಗೆ ತಿಳಿಯದು. ಪಕ್ಕದ ಫಾರಂನ ರಾಸುಗಳನ್ನು ಕೊಲ್ಲುವುದು ಸರಿ ಎಂದಿದ್ದರೆ ಕರುವಿನ ಚಿತ್ರದಿಂದ ಅದು ತಪ್ಪಾಗಬಾರದಿತ್ತು. ತಪ್ಪು ಎಂದಿದ್ದರೆ ಚಿತ್ರಕ್ಕಾಗಿ ಕಾಯಬಾರದಿತ್ತು.

ಸೆಪ್ಟೆಂಬರ್ 30ಕ್ಕೆ ಕೊನೆಯ ಪ್ರಕರಣ. ಲೆಕ್ಕ ಕೇಳಿ: ರೋಗ ಬಂದ ಫಾರಂಗಳು 2,026. ರಾಸುಗಳನ್ನು ಕೊಂದ ಫಾರಂಗಳು 10 ಸಾವಿರಕ್ಕೂ ಹೆಚ್ಚು. ಸತ್ತ ಪ್ರಾಣಿಗಳು 60 ಲಕ್ಷಕ್ಕೂ ಹೆಚ್ಚು. ಇವುಗಳಲ್ಲಿ ಸಾಗಾಟ ನಿಂತು ಮೇವಿಲ್ಲದೆ, ಜಾಗವಿಲ್ಲದೆ ಕೊಲ್ಲಬೇಕಾಗಿ ಬಂದವೂ ಸೇರಿವೆ. ಸರ್ಕಾರಕ್ಕೆ 300 ಕೋಟಿ ಪೌಂಡಿಗೂ ಹೆಚ್ಚು, ಖಾಸಗಿಯವರಿಗೆ 500 ಕೋಟಿ ಪೌಂಡಿಗೂ ಹೆಚ್ಚು ನಷ್ಟವೆಂದು ಅಲ್ಲಿಯ ಲೆಕ್ಕ ಪರಿಶೋಧಕರ ವರದಿ ಹೇಳಿತು. ರೈತನಿಗೆ ರಾಸುಗಳ ಬೆಲೆ ಬಂತು. ಹಳ್ಳಿಯ ದಾರಿಗಳನ್ನೆಲ್ಲ ಮುಚ್ಚಿದ್ದರಿಂದ ಪ್ರವಾಸಿಗರನ್ನೇ ನಂಬಿದ್ದ ಸಣ್ಣ ಹೋಟೆಲಿನವನಿಗೆ ಅಂಥ ಪರಿಹಾರ ಇರಲಿಲ್ಲ. ರಫ್ತು ಉಳಿಸಲು ಹೊರಟು ಊರಿನ ಉಳಿದ ಬದುಕನ್ನು ಯಾರೂ ತಕ್ಕಡಿಯಲ್ಲಿ ಇಟ್ಟಿರಲಿಲ್ಲ.

ಅದೇ ವರ್ಷ ಬೇರೆ ಇಬ್ಬರು ಬೇರೆ ದಾರಿ ಹಿಡಿದರು. ಹಾಲೆಂಡಿನಲ್ಲಿ 26 ಕಡೆ ರೋಗ ಬಂತು. ಅವರು ಸುತ್ತಲೂ ಲಸಿಕೆ ಹಾಕಿ ರೋಗ ನಿಲ್ಲಿಸಿದರು. ಆಮೇಲೆ, ವ್ಯಾಪಾರದ ದರ್ಜೆ ಬೇಗ ಸಿಗಲೆಂದು, ಲಸಿಕೆ ಹಾಕಿದ್ದ ಆರೋಗ್ಯವಂತ ರಾಸುಗಳನ್ನೂ ಕೊಂದರು. ಲಸಿಕೆ ಹಾಕಿದ್ದು ಬದುಕಿಸಲಿಕ್ಕಲ್ಲ, ಕೊಲ್ಲಲು ಪುರುಸೊತ್ತು ಸಿಗಲೆಂದು. ಆ ಕೊಟ್ಟಿಗೆಯವರ ಸಂಕಟವನ್ನು ನೀವೇ ಊಹಿಸಿಕೊಳ್ಳಿ. ದಕ್ಷಿಣ ಅಮೆರಿಕದ ಉರುಗ್ವೆ ಎಂಬ ಸಣ್ಣ ದೇಶದಲ್ಲಿ 2001ರ ಏಪ್ರಿಲ್‌ನಲ್ಲಿ ಎ ಬಗೆಯ ರೋಗ ಬಂತು. ಮೊದಲು ಅವರೂ ಕೊಲ್ಲಲು ಹೊರಟರು. ಜನ ಅಡ್ಡ ನಿಂತರು, ರೋಗ ಓಡಿತು. ತಕ್ಷಣ ಕೊಲ್ಲುವುದನ್ನು ನಿಲ್ಲಿಸಿ ದೇಶದ ದನಗಳಿಗೆಲ್ಲ ಲಸಿಕೆ ಹಾಕಿದರು. ಕುರಿಗಳಿಗೆ ಹಾಕಲಿಲ್ಲ. ಪ್ರಕರಣಗಳ ಸಂಖ್ಯೆ ಬ್ರಿಟನ್ನಿನಷ್ಟೇ, ಎರಡು ಸಾವಿರದ ಮೇಲೆ. ಕೊಂದ ಪ್ರಾಣಿಗಳು ಸುಮಾರು 7 ಸಾವಿರ ಮಾತ್ರ. ಆಗಸ್ಟ್ ಹೊತ್ತಿಗೆ ರೋಗ ನಿಂತಿತು. ಎರಡೂ ದೇಶಗಳ ರೋಗದ ಬಗೆ ಬೇರೆ, ರಾಸುಗಳ ಪದ್ಧತಿ ಬೇರೆ, ಹಾಗಾಗಿ ಇದನ್ನು ನೇರವಾಗಿ ತೂಗಿ ನೋಡುವುದು ನ್ಯಾಯವಲ್ಲ. ಆದರೂ 60 ಲಕ್ಷ ಮತ್ತು 7 ಸಾವಿರ ಎಂಬ ಎರಡು ಸಂಖ್ಯೆಗಳು ನನ್ನ ತಲೆಯಿಂದ ಹೋಗುವುದಿಲ್ಲ.

2002ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ವರದಿ ಕೊಟ್ಟು, ಇನ್ನು ಮುಂದೆ ರೋಗ ಬಂದರೆ ಬದುಕಿಸುವ ಉದ್ದೇಶದಿಂದಲೇ ಲಸಿಕೆ ಹಾಕುವುದಕ್ಕೂ ಸಿದ್ಧತೆ ಇರಬೇಕೆಂದಿತು. ರಕ್ತಪರೀಕ್ಷೆಗೆ ಮಾನ್ಯತೆ ಸಿಕ್ಕಿ, 12 ತಿಂಗಳ ಕಾಯುವಿಕೆ 6 ತಿಂಗಳಿಗೆ ಇಳಿಯಿತು. ಯುರೋಪಿನ ಕಾನೂನೂ ಬದಲಾಯಿತು. ಆದರೂ ಅಲ್ಲಿ ಕೊಲ್ಲುವುದು ನಿಂತಿಲ್ಲ. 2025ರ ಜನವರಿಯಲ್ಲಿ ಜರ್ಮನಿಯ ಬರ್ಲಿನ್ ಹತ್ತಿರ ಒಂದು ಎಮ್ಮೆ ಹಿಂಡಿನಲ್ಲಿ ಈ ರೋಗ ಕಂಡಿತು. ಆ ಹಿಂಡನ್ನು ಕೊಂದರು. ಹೌದು, ಎಮ್ಮೆ. ಜರ್ಮನಿಯಲ್ಲೂ ಎಮ್ಮೆ ಸಾಕುತ್ತಾರೆ.

ಈಗ ನಮ್ಮ ಕೊಟ್ಟಿಗೆಗೆ ಬರೋಣ.

ನಮಗೆ ಕೊಲ್ಲುವ ದಾರಿ ಇಲ್ಲ. ಮನಸ್ಸೂ ಒಪ್ಪದು, ಲೆಕ್ಕವೂ ಒಪ್ಪದು. 2019ರ ಗಣತಿಯಂತೆ ದೇಶದಲ್ಲಿ 19 ಕೋಟಿ ದನ, ಸುಮಾರು 11 ಕೋಟಿ ಎಮ್ಮೆಗಳಿವೆ. ರೋಗ ಎಲ್ಲ ಕಡೆ ಇದೆ. ಒಂದು ಊರು ಖಾಲಿ ಮಾಡಿದರೆ ಪಕ್ಕದ ಊರಿನಿಂದ ಬರುತ್ತದೆ. ದೊಡ್ಡರೋಗವನ್ನು ನಾವು ಲಸಿಕೆಯಿಂದಲೇ ಓಡಿಸಿದೆವು. 1995ರಲ್ಲಿ ಕೊನೆಯ ಪ್ರಕರಣ, 2011ರಲ್ಲಿ ಇಡೀ ಪ್ರಪಂಚವೇ ಅದರಿಂದ ಮುಕ್ತ. ಆದರೆ ಆ ಲಸಿಕೆ ಒಮ್ಮೆ ಹಾಕಿದರೆ ಜೀವಮಾನವಿಡೀ ಸಾಕಾಗುತ್ತಿತ್ತು. ಕಾಲುಬಾಯಿ ಜ್ವರದ್ದು ಆರು ತಿಂಗಳಿಗೆ ಇಳಿಯುತ್ತದೆ. ಅದಕ್ಕೇ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರಾರು ತಿಂಗಳಿಗೊಮ್ಮೆ ಸುತ್ತು, ಕಿವಿಗೆ 12 ಅಂಕಿಯ ಓಲೆ. ಹಿರಿಯ ಸದಸ್ಯರ ಪ್ರಶ್ನೆಗೆ ಉಳಿದರ್ಧ ಉತ್ತರ ಇದು: ಅವರು ಆರು ತಿಂಗಳಿಗೊಮ್ಮೆ ಚುಚ್ಚುವುದಿಲ್ಲ, ಏಕೆಂದರೆ ರೋಗ ಬಂದ ದಿನ ಕೊಟ್ಟಿಗೆಯನ್ನೇ ಮುಗಿಸಿಬಿಡುತ್ತಾರೆ.

ಹಾಗೆಂದು ಲಸಿಕೆಯ ಬಗ್ಗೆ ನಿಮ್ಮ ದೂರುಗಳೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಇಲ್ಲಿ ನಮ್ಮ ಇಲಾಖೆಯವರೂ ಒಕ್ಕೂಟದವರೂ ಎಷ್ಟೋ ಸಲ ತಪ್ಪು ಮಾಡಿದ್ದೇವೆ. ಹಾಲು ಇಳಿಯುತ್ತದೆಯೇ ಎಂದರೆ ಇಲ್ಲ ಎನ್ನುತ್ತೇವೆ. ಇಳಿಯುತ್ತದೆ. ಎರಡು ಮೂರು ದಿನ, ಕೆಲವು ಹಸುಗಳಲ್ಲಿ. ಮೈ ಬಿಸಿಯಾಗಬಹುದು, ಚುಚ್ಚಿದಲ್ಲಿ ಗಂಟು ಬರಬಹುದು. ಒಂದೇ ಹಸು ಇಟ್ಟುಕೊಂಡ ತಾಯಿಗೆ ದಿನಕ್ಕೆ ಎರಡು ಲೀಟರ್ ಮೂರು ದಿನ ಇಳಿದರೆ ಅದು ಬಟವಾಡೆಯಲ್ಲಿ ಕಾಣುತ್ತದೆ. ಇದನ್ನು ಮುಚ್ಚಿಟ್ಟದ್ದರಿಂದಲೇ ನಮ್ಮ ಮಾತು ನಂಬದಂತಾಗಿದೆ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಬಿಸಿಲಲ್ಲಿ ಬೈಕಿನ ಚೀಲದಲ್ಲಿ ಬಂದ ಬಾಟಲಿ ನೋಡಿದರೆ ಚುಚ್ಚಿಸಬೇಡಿ, ವಾಪಸು ಕಳಿಸಿ. ಆ ಹಕ್ಕು ನಿಮಗಿದೆ.

2013ರಲ್ಲಿ ಹಳೆ ಮೈಸೂರು ಕಡೆಯ ಜಿಲ್ಲೆಗಳಲ್ಲಿ ಈ ರೋಗ ಬಂದು ಸಾವಿರಾರು ರಾಸುಗಳು ಸತ್ತದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿದೆ. ಮಿಶ್ರತಳಿ ಹಸುಗಳೇ ಹೆಚ್ಚು. ಲಸಿಕೆಯ ಗುಣಮಟ್ಟದ ಬಗ್ಗೆ ಆಗ ಪ್ರಶ್ನೆಗಳು ಎದ್ದವು. ಏಳಲೇಬೇಕಿತ್ತು. ಆ ವರ್ಷ ನಾನು ಒಂದು ಊರಿನಲ್ಲಿ ಮೂರು ವಾರ ಓಡಾಡಿದೆ. ಹೊಂಡ ತೋಡುವ ಜೆ.ಸಿ.ಬಿ.ಗೆ ಬಾಡಿಗೆ ಯಾರು ಕೊಡಬೇಕೆಂದು ಜಗಳ ನಡೆಯುತ್ತಿತ್ತು. ಕೊನೆಗೆ ಸಂಘದ ರಿಜಿಸ್ಟರ್ ತೆಗೆಸಿ ನೋಡಿದರೆ, ಹಿಂದಿನ ಸುತ್ತಿನಲ್ಲಿ ಅರ್ಧಕ್ಕರ್ಧ ರಾಸುಗಳಿಗೆ ಲಸಿಕೆ ಆಗಿರಲಿಲ್ಲ. ಆದರೆ ಎಲ್ಲಕ್ಕೂ ಆಗಿದೆಯೆಂದು ಬರೆದಿತ್ತು. ಗುರಿ ಮುಟ್ಟಿಸಲು ಬರೆದ ಸಂಖ್ಯೆ. ಬರೆದವರಿಗೂ ಹಸುವಿತ್ತು, ಅದೂ ಹೋಯಿತು. ಅದಕ್ಕೇ ಹೇಳುವುದು, ಕಾರ್ಯದರ್ಶಿಗಳೇ, ಆಗದಿದ್ದರೆ ಆಗಿಲ್ಲ ಎಂದೇ ಬರೆಯಿರಿ. 'ಮಾಲೀಕರು ನಿರಾಕರಿಸಿದರು' ಎಂದು ಬರೆಯಲು ಒಂದು ಕಲಂ ಇಟ್ಟುಕೊಳ್ಳಿ. ನಿಮ್ಮನ್ನು ಯಾರೂ ಗದರಿಸದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಬ್ರಿಟನ್ನಿನವರು ರೋಗ ಉರಿಯುತ್ತಿರುವಾಗ ವಾದಕ್ಕೆ ಕುಳಿತರು. ಆಗ ಯಾರ ಮಾತೂ ಯಾರಿಗೂ ಹಿತವಾಗಿರಲಿಲ್ಲ. ನಮಗೆ ಈಗ ರೋಗವಿಲ್ಲದ ಸಮಯವಿದೆ. ಪ್ರತಿ ಸಂಘವೂ ತನ್ನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ತೆಗೆದುಕೊಳ್ಳಬೇಕೆಂದು ನನ್ನ ವಿನಂತಿ. ರೋಗದ ಲಕ್ಷಣ ಕಂಡ ಮನೆಯ ಹಾಲನ್ನು ಏನು ಮಾಡುವುದು? ಗುಳ್ಳೆ ಕಾಣುವ ಮುಂಚೆಯೇ ಹಾಲಿನಲ್ಲಿ ವೈರಸ್ ಬರುತ್ತದೆ. ಕ್ಯಾನು, ಕೈಕಾಲು, ಹಾಲಿನ ಗಾಡಿಯ ಚಕ್ರ ಅದನ್ನು ಹೊತ್ತೊಯ್ಯುತ್ತವೆ. ಆ ಮನೆಯವರು ಡೇರಿಗೆ ಬರಬಾರದೆಂದರೆ ಅವರ ಹಾಲಿನ ಹಣ ಯಾರು ಕೊಡಬೇಕು? ಕೊಡದಿದ್ದರೆ ಅವರು ರೋಗವನ್ನು ಮುಚ್ಚಿಡುತ್ತಾರೆ. ನಾನಾದರೂ ಮುಚ್ಚಿಡುತ್ತಿದ್ದೆನೇನೋ.

ನನ್ನ ಸ್ವಂತ ಸಲಹೆ ಒಂದಿದೆ. ಇದು ಒಕ್ಕೂಟದ ತೀರ್ಮಾನವಲ್ಲ, ಅಧ್ಯಕ್ಷರು ಕ್ಷಮಿಸಬೇಕು. ಲಸಿಕೆ ಹಾಕಿಸಿದ ವಾರದಲ್ಲಿ ಇಳಿದ ಹಾಲಿಗೆ, ಹಿಂದಿನ ವಾರದ ಸರಾಸರಿ ನೋಡಿ, ಸಂಘದ ಲಾಭದಿಂದ ವ್ಯತ್ಯಾಸ ತುಂಬಿಕೊಡಬಹುದೇ? ಒಂದು ಎರಡು ಹಸುವಿನ ಸದಸ್ಯರಿಗೆ ಮಾತ್ರವಾದರೂ ಸರಿ. ಇದನ್ನು ಹೇಳಿದಾಗ ಒಬ್ಬ ನಿರ್ದೇಶಕರು, "ಅವರ ಹಸು ಉಳಿಯಲೆಂದು ಲಸಿಕೆ, ಅದಕ್ಕೆ ನಾವೇ ದುಡ್ಡು ಕೊಡೋದೇ?" ಎಂದರು. ಅವರ ಮಾತಿನಲ್ಲೂ ತೂಕವಿದೆ. ಆದರೆ ಒಂದು ಮನೆಯ ಲಸಿಕೆ ಪಕ್ಕದ ಹತ್ತು ಮನೆಗಳ ಬೇಲಿ ಕೂಡ ಹೌದು. ಬೇಲಿಯ ಖರ್ಚನ್ನು ಒಬ್ಬರ ಮೇಲೆ ಹಾಕುವುದು ಸಹಕಾರದ ಪದ್ಧತಿಯಲ್ಲ ಎಂದು ನಾನು ಉತ್ತರಿಸಿದೆ. ಅವರು ಒಪ್ಪಲಿಲ್ಲ. ಒಪ್ಪಬೇಕೆಂದೇನೂ ಇಲ್ಲ, ಸಭೆಯಲ್ಲಿ ಲೆಕ್ಕ ಹಾಕಿ ನೋಡಲಿ.

ಆ ಹಿರಿಯ ಸದಸ್ಯರ ಮನೆಗೆ ಮುಂದಿನ ಸುತ್ತಿನಲ್ಲಿ ನಾನೇ ಮೊದಲು ಹೋಗಬೇಕೆಂದಿದ್ದೇನೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರಿಂದಲೇ ಶುರುವಾಗಲಿ.